ಕಾಚಿಗೂಡದ ಬಸ್ಸಿನಲ್ಲಿ ಗೆದ್ದ ಚುನಾವಣೆ

ಬಾಲಾನಗರದ ಕಾರ್ಖಾನೆಯ ಯೂನಿಯನ್ ಚುನಾವಣೆಯಲ್ಲಿ ನನ್ನ ಗಂಡ ಸೋಲುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು. ಹಾಗೆಂದು ಐದು ವರ್ಷ ನಂಬಿದ್ದೆ. ಅವರೂ ನಂಬಿದ್ದರು.

"ಎಲ್ಲಾರೂ ನನ್ನ ಗೆಲ್ಲಿಸೇಬಿಟ್ಟಿದ್ರು. ಸೋಲ್ತೀರಿ ಅಂದಾಕಿ ಇಕಿ ಒಬ್ಬಾಕಿ" ಎಂದು ಮನೆಗೆ ಬಂದವರ ಮುಂದೆ ಹೇಳುತ್ತಿದ್ದರು. ನಾನು ಚಹಾ ಕೊಡುತ್ತ ಕೇಳಿಸಿಕೊಳ್ಳುತ್ತಿದ್ದೆ. ಹೊಗಳಿಕೆ ಹಿತವಾಗಿತ್ತು.

ಮತ್ತೆ ಚುನಾವಣೆ ಬಂತು. ಜೊತೆಗೆ ಅವರಿಗೆ ಬಡ್ತಿಯೂ ಬಂತು. ಬಡ್ತಿ ಒಪ್ಪಿದರೆ ಅಧಿಕಾರಿಯಾಗಿ ಯೂನಿಯನ್ನಿನಿಂದ ಹೊರಗೆ. ಚುನಾವಣೆಗೆ ನಿಂತರೆ ಬಡ್ತಿ ಬಿಡಬೇಕು.

"ನೀನ ಹೇಳಿಬಿಡು. ಹೋದ ಸಲ ನಿನ್ನ ಮಾತು ಕೇಳಲಿಲ್ಲ" ಅಂದರು.

ಹೋದ ಸಲ ಯಾವ ಆಧಾರದ ಮೇಲೆ ಹೇಳಿದ್ದೆನೋ ನೋಡಲು ಹಳೆಯ ದಿನಚರಿ ತೆಗೆದೆ. ಮತದಾನದ ಹಿಂದಿನ ದಿನ, ನನ್ನದೇ ಅಕ್ಷರದಲ್ಲಿ: 'ಖಂಡಿತ ಗೆಲ್ಲುತ್ತಾರೆ. ಬಸ್ಸಿನಲ್ಲಿ ಇವರ ಹೆಸರು ತಿಳಿಯದವರಿಲ್ಲ. ಎದುರಾಳಿಯ ಹೆಸರು ಯಾರೂ ಕೇಳಿಲ್ಲ.' ಸೋಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಸೋತ ಮೇಲೆ ಯಾವಾಗಲೋ 'ನನಗೆ ಅನಿಸಿತ್ತು' ಎಂದಿರಬೇಕು. ಆ ಮಾತನ್ನು ನಾವಿಬ್ಬರೂ ಸೇರಿ ಚುನಾವಣೆಯ ಮುಂಚಿನ ದಿನಕ್ಕೆ ಒಯ್ದು ಇಟ್ಟಿದ್ದೆವು.

ಆ ಬಸ್ಸು ಕಾಚಿಗೂಡದಿಂದ ಹೊರಡುವ ಕಂಪನಿ ಬಸ್ಸು. ಅವರು ಮಷೀನ್ ಶಾಪಿಗೆ, ನಾನು ಡ್ರಾಯಿಂಗ್ ಆಫೀಸಿಗೆ ಅದರಲ್ಲೇ ಹೋಗುತ್ತಿದ್ದೆವು. ಗುಲ್ಬರ್ಗ, ರಾಯಚೂರು, ಬೀದರಿನವರೇ ಹೆಚ್ಚು. ಊರಿನ ರೈಲು ಹತ್ತಿರವಿರಲೆಂದು ಎಲ್ಲರೂ ಸ್ಟೇಷನ್ನಿನ ಸುತ್ತ ಮನೆ ಹಿಡಿದಿದ್ದೆವು. ಸೀಟುಗಳೂ ಕಾಯಂ. ಇಷ್ಟು ವರ್ಷ ಒಂದೇ ಸೀಟಿನಲ್ಲಿ ಕೂತವರು ಯಾರಿಗೆ ಗೊತ್ತಿರುವುದಿಲ್ಲ? ಆ ಬಸ್ಸನ್ನೇ ಇಡೀ ಕಾರ್ಖಾನೆ ಎಂದುಕೊಂಡಿದ್ದೆ.

ದಿನಚರಿಯನ್ನು ಅವರ ಮುಂದಿಟ್ಟೆ. ಎರಡು ಸಲ ಓದಿದರು.

"ಭಾಳ ಶ್ಯಾಣ್ಯಾಕಿ ಇದ್ದಿ ನೋಡು. ಐದು ವರ್ಷ ಪುಗಸಟ್ಟೆ ಹೊಗಳಿಸಿಕೊಂಡಿ!"

"ಹೊಗಳ್ರಿ ಅಂತ ನಾ ಅಂದಿದ್ನೇನ್ರಿ?"

ನಕ್ಕರು. ದಿನಚರಿ ಮುಚ್ಚಿ, "ಹಂಗಾರ ಈಗ ಯಾರನ್ನ ಕೇಳ್ಲಿ?" ಅಂದರು.

ಮರುದಿನ ಅವರು ನಮ್ಮ ಬಸ್ಸು ಹತ್ತಲಿಲ್ಲ. ಬೇಗ ಎದ್ದು ನಗರದ ಇನ್ನೊಂದು ಬದಿಯ ಮೆಹದಿಪಟ್ನಕ್ಕೆ ಹೋಗಿ, ಅಲ್ಲಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಬಂದರು. ವಾರವಿಡೀ ದಿನಕ್ಕೊಂದು ದಾರಿಯ ಬಸ್ಸು. ಶನಿವಾರ ಸಂಜೆ ಚಪ್ಪಲಿ ಬಿಡುತ್ತ ಹೇಳಿದರು:

"ಇವತ್ತು ಬಾಜೂ ಕುಂತಾವ 'ಕೊತ್ತಗಾ ಚೇರಾರಾ?' ಅಂತ ಕೇಳಿದ. ಹೊಸದಾಗಿ ಸೇರೀರೇನು ಅಂತ! ಇಪ್ಪತ್ತೆರಡು ವರ್ಷ ಆತು ನನಗ ಇಲ್ಲಿ."

ಸೋಮವಾರ ಬಡ್ತಿಯ ಕಾಗದಕ್ಕೆ ಸಹಿ ಮಾಡಿದರು. ನಿಂತಿದ್ದರೆ ಏನಾಗುತ್ತಿತ್ತು ಎಂಬ ಬಗ್ಗೆ ನಾನೇನೂ ಹೇಳಲಿಲ್ಲ. ಹೇಳಲಿಲ್ಲ ಎಂಬುದನ್ನೂ ಅಂದೇ ದಿನಚರಿಯಲ್ಲಿ ಬರೆದಿಟ್ಟೆ.