ಸೀಬೆ ಮರದ ಅಳಿಲು

ಪಟ್ಟಂದೂರು ಅಗ್ರಹಾರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದೆ ಒಂದಿಷ್ಟು ಕೈತೋಟ ಉಳಿದಿತ್ತು. ಮನೆಯ ಯಜಮಾನಿಯನ್ನು ನಾವೆಲ್ಲ ಓನರಮ್ಮ ಎನ್ನುತ್ತಿದ್ದೆವು. ಚಳಿಗಾಲ ಬಂತೆಂದರೆ ಅವರಿಗೂ ಸೀಬೆ ಮರದ ಅಳಿಲಿಗೂ ದಿನವೂ ಜಗಳ. ಬಿಸಿಲೇರುವವರೆಗೆ ಅದು ಬಾಲವನ್ನು ಬೆನ್ನಿಗೆ ಹೊದ್ದು ಕಾಂಪೌಂಡ್ ಗೋಡೆಯ ಮೇಲೆ ಮುದುಡಿ ಕೂತಿರುತ್ತಿತ್ತು. ಮೈ ಕಾದದ್ದೇ ತಡ, ಕಾಲೊರಸಿನ ನಾರು ಕೀಳುತ್ತಿತ್ತು. ಬಿಸಿಲಿಗೆ ಹಾಕಿದ ಹಾಸಿಗೆಯ ಹೊಲಿಗೆ ಬಿಚ್ಚಿ, ಬಾಯಿ ತುಂಬ ಹತ್ತಿ ತುರುಕಿಕೊಂಡು ಮರ ಹತ್ತುತ್ತಿತ್ತು.

"ನಿನ್ ಬಾಣಂತನಕ್ಕೆ ನನ್ ಹಾಸ್ಗೇನೇ ಬೇಕಾ?" ಎಂದು ಓನರಮ್ಮ ಬೈಯುತ್ತಿದ್ದರೇ ಹೊರತು ಹಾಸಿಗೆ ಎತ್ತಿಡುತ್ತಿರಲಿಲ್ಲ.

ಆ ವರ್ಷ ಸಂಕ್ರಾಂತಿಗೆ ಮುಂಚೆ ಅವರ ಗಂಡ ಹಿತ್ತಿಲಲ್ಲಿ ಬಾಡಿಗೆ ರೂಮು ಕಟ್ಟಿಸಲು ಮರ ಕಡಿಸಿದರು. ಅಂದು ನನಗೆ ಫ್ಯಾಕ್ಟರಿಯಲ್ಲಿ ವಾರದ ರಜೆ. ಕೊಂಬೆಯ ಜೊತೆ ಗೂಡೂ ಬಿತ್ತು. ಹತ್ತಿಯೊಳಗೆ ಕಣ್ಣು ಬಿಡದ ಮೂರು ಮರಿಗಳು, ಕೂದಲಿಲ್ಲದ ಕೆಂಪು ಮೈ. ತಾಯಿ ಗೋಡೆಯ ಮೇಲೆ ಬಾಲ ಕುಣಿಸುತ್ತ ಒಂದೇ ಸಮನೆ ಚೀರುತ್ತಿತ್ತು.

"ಒಸಿ ನಿಲ್ಸ್ರಪ್ಪ, ಅದು ಮರಿ ತಗೊಂಡೋಗ್ಲಿ," ಎಂದು ಓನರಮ್ಮ ಗೂಡನ್ನು ಮೊರಕ್ಕೆ ಹಾಕಿ ಗೋಡೆಯ ಮೇಲಿಟ್ಟರು. ನಾವೆಲ್ಲ ದೂರ ಸರಿದೆವು.

ತಾಯಿ ಬಂತು. ಒಂದು ಮರಿಯ ಹೊಟ್ಟೆಯ ಚರ್ಮ ಕಚ್ಚಿ ಎತ್ತಿತು. ಮರಿ ಅದರ ಕತ್ತಿಗೆ ಸುತ್ತಿಕೊಂಡಿತು. ಪಕ್ಕದ ಮನೆಯ ಗೋಡೆ ಹತ್ತಿ, ಸಜ್ಜೆಯ ಕೆಳಗಿದ್ದ ಹಳೇ ಪೈಪಿನೊಳಗೆ ಅದನ್ನು ಬಿಟ್ಟು ಮರಳಿತು. ಎರಡನೆಯದನ್ನು ಕಚ್ಚಿಕೊಂಡು ಗೋಡೆಯ ತುದಿ ತಲುಪುವಷ್ಟರಲ್ಲಿ ಬೂದು ಬೆಕ್ಕೊಂದು ಮೇಲೆ ಬಿತ್ತು. ಓನರಮ್ಮ ಚಪ್ಪಲಿ ಎಸೆದರು. ಬೆಕ್ಕು ತಾಯಿಯನ್ನು ಕಚ್ಚಿಕೊಂಡೇ ಆಚೆಗೆ ಹಾರಿತು. ಗೋಡೆಯ ಬುಡಕ್ಕೆ ಬಿದ್ದ ಮರಿ ಸತ್ತಿತ್ತು.

ಪೈಪಿನಿಂದ ಸಣ್ಣಗೆ ಕಿಚಕಿಚ ಕೇಳುತ್ತಿತ್ತು. ಆ ಮನೆಯವರು ಬೀಗ ಹಾಕಿ ಊರಿಗೆ ಹೋಗಿದ್ದರು. ಮರ ಕಡಿಯಲು ಬಂದಿದ್ದ ಬಾಗಲಕೋಟೆ ಕಡೆಯ ಆಳೊಬ್ಬ ಏಣಿ ಹತ್ತಿ ಒಳಗೆ ಕೈ ತೂರಿಸಿದ.

"ಸಿಗವಲ್ದ್ರೀ ಅಕ್ಕಾರ. ಒಳಗ ಜಾರೈತಿ. ಪೈಪ್ ಒಡೀಲೇನ್ರಿ?"

"ಬ್ಯಾಡ ಬ್ಯಾಡ, ಅವ್ರ ಮನೇದು," ಎಂದರು ಓನರಮ್ಮನ ಗಂಡ. "ಒಂದ್ ಅಳಿಲಿಗೋಸ್ಕರ ಜಗಳ ಆಡ್ಕೊಳ್ಳೋಕಾಯ್ತದಾ?"

ತಂತಿಯ ತುದಿಗೆ ಬಟ್ಟೆ ಸುತ್ತಿ ಕೊಟ್ಟೆವು. ಅದೂ ಮುಟ್ಟಲಿಲ್ಲ.

ಓನರಮ್ಮ ಮೊರದಲ್ಲಿ ಉಳಿದಿದ್ದ ಮರಿಯನ್ನು ಒಳಗೆ ಒಯ್ದು, ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರು. ಹಾಲು ಮೂಗಿನಿಂದ ಗುಳ್ಳೆಯಾಗಿ ಬಂತು. ಕತ್ತಲಾಗುವ ಹೊತ್ತಿಗೆ ಅದು ಅವರ ಅಂಗೈಯಲ್ಲೇ ತಣ್ಣಗಾಯಿತು.

ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವರು ಪೈಪಿನ ಕೆಳಗೆ ನಿಂತಿದ್ದರು.

"ಇನ್ನೂ ಜೀವ ಐತೆ ಕಣವ್ವ," ಎಂದರು.

ಸಂಜೆ ಬರುವಷ್ಟರಲ್ಲಿ ಮರದ ಬುಡವನ್ನೂ ಕಿತ್ತು ಪಾಯ ತೋಡಿದ್ದರು. ಓನರಮ್ಮ ಆಳುಗಳಿಗೆ ಟೀ ಕೊಡುತ್ತಿದ್ದರು. ಎಲ್ಲರ ಕೈಗೂ ಲೋಟ ಇಟ್ಟವರು ಗಂಡನದನ್ನು ಮಾತ್ರ ತಟ್ಟೆಯಲ್ಲೇ ಬಿಟ್ಟರು. ನಾನು ಪೈಪಿನ ಕಡೆ ನೋಡಿದೆ.

"ಮದ್ಯಾನ್ನವೇ ನಿಂತೋಯ್ತು," ಎಂದು ಅವರು ಖಾಲಿ ಲೋಟಗಳನ್ನು ತೊಳೆಯಲು ಒಯ್ದರು.