ನುಂಗಬಾರದ ಕ್ಯಾಪ್ಸೂಲು

ನಮ್ಮ ದೊಡ್ಡಮ್ಮ ಎಂಟು ತಿಂಗಳು ತನ್ನ ಔಷಧಿಯನ್ನು ಎರಡು ಹೊತ್ತೂ ತಪ್ಪದೆ ನೀರು ಕುಡಿದು ನುಂಗಿದಳು. ತೊಂದರೆ ಇಷ್ಟೇ. ಅದು ನುಂಗುವ ಔಷಧಿಯೇ ಅಲ್ಲ!

ಇದು ಗೊತ್ತಾಗಿದ್ದು ಹೋದ ತಿಂಗಳು, ತುಮಕೂರಿನ ಒಂದು ‘ಶ್ವಾಸಕೋಶ ಜಾಗೃತಿ ಶಿಬಿರ’ದಲ್ಲಿ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ದೊಡ್ಡಮ್ಮನಿಗೆ ಸಿಒಪಿಡಿ, ಅಂದರೆ ಹೊಗೆಯಿಂದ ಶ್ವಾಸನಾಳ ಕಿರಿದಾಗುವ ಕಾಯಿಲೆ. (ಬೀಡಿ ಮುಟ್ಟಿದವಳಲ್ಲ, ನಲವತ್ತು ವರ್ಷ ಸೌದೆ ಒಲೆ ಊದಿದವಳು.) ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದವಳನ್ನು ಬಸ್ಸಿನಲ್ಲಿ ಕರೆತಂದು ಶಿಬಿರದ ಮುಂದಿನ ಸಾಲಿನಲ್ಲೇ ಕೂರಿಸಿದೆ.

ಶಿಬಿರ ಏನಂತೀರಿ! ದೀಪ ಬೆಳಗಿದರು. ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು. ಉಸಿರಾಡಲು ಒದ್ದಾಡುವವರ ಮೂಗಿನ ಮುಂದೆ ಊದುಬತ್ತಿಯ ಕಟ್ಟನ್ನೇ ಹಚ್ಚಿದರು. ಆಮೇಲೆ ಡಾಕ್ಟರು ಮುಕ್ಕಾಲು ಗಂಟೆ ಇಂಗ್ಲಿಷ್ ಸ್ಲೈಡ್ ಓದಿದರು. ಯಾರಿಗೆ? ರಾಗಿ ಹೊಲದಿಂದ ಎದ್ದು ಬಂದವರಿಗೆ.

“ಎಲ್ಲರೂ ಮೆಡಿಸಿನ್ ಕರೆಕ್ಟಾಗಿ ತಗೋತಿದೀರಾ?”

“ಹೂಂ!” ಅಂದಿತು ಇಡೀ ಸಭೆ. ಚಪ್ಪಾಳೆ, ಫೋಟೊ. ಜಾಗೃತಿ ಮುಗಿಯಿತು.

ಉಪ್ಪಿಟ್ಟು ತಿಂದ ಮೇಲೆ ದೊಡ್ಡಮ್ಮ ಚೀಲದಿಂದ ಕ್ಯಾಪ್ಸೂಲು ತೆಗೆದು ಬಾಯಿಗೆ ಹಾಕಿಕೊಂಡಳು. ಪಕ್ಕದಲ್ಲಿದ್ದ ಕುಣಿಗಲ್ಲಿನ ನಿವೃತ್ತ ಬಸ್ ಕಂಡಕ್ಟರು (ಅವರಿಗೂ ಇದೇ ಕಾಯಿಲೆ) ಹೌಹಾರಿದರು.

“ಅಯ್ಯೋ, ಅದನ್ಯಾಕ್ ನುಂಗ್ತೀರಮ್ಮ? ಮಿಷಿನ್‌ಗೆ ಹಾಕಿ ಒಳಗಿನ ಪುಡೀನ ಉಸ್ರಲ್ಲಿ ಎಳ್ಕೋಬೇಕು! ಮಿಷಿನ್ ಕೊಟ್ಟಿಲ್ವಾ?”

“ಕೊಟ್ಟವ್ರೆ. ಹಾಳಾಗ್ಬಾರ್ದು ಅಂತ ಬೀರುನಲ್ಲಿ ಮಡಗಿದೀನಿ.”

ಕಂಡಕ್ಟರು ತಮ್ಮ ಜೇಬಿನಿಂದ ಪ್ಲಾಸ್ಟಿಕ್ಕಿನ ಪುಟ್ಟ ಮಿಷಿನ್ ತೆಗೆದು ತೋರಿಸಿದರು. “ನೋಡಿ, ಇಲ್ಲಿ ಕ್ಯಾಪ್ಸೂಲ್ ಹಾಕಿ ತಿರುಗ್ಸಿ. ಮೊದ್ಲು ಉಸ್ರು ಪೂರ್ತಿ ಆಚೆ ಬಿಡಿ, ಮಿಷಿನ್ ಒಳಕ್ಕಲ್ಲ. ಆಮೇಲೆ ಜೋರಾಗಿ ಎಳ್ಕೊಂಡು ಹತ್ತು ಎಣ್ಸೋವರ್ಗೂ ಹಿಡ್ಕೊಳ್ಳಿ. ಕೊನೆಗೆ ಬಾಯಿ ಮುಕ್ಕಳಿಸ್ಬುಡಿ. ಅಷ್ಟೇ ಕಣಮ್ಮ.”

ಎರಡೇ ನಿಮಿಷ. ವೇದಿಕೆ ಮೇಲಿನ ಶಾಲುಗಳಿಗೆ ಆ ಎರಡು ನಿಮಿಷ ಸಿಗಲಿಲ್ಲವೇ?

“ಎರಡೊತ್ತು ತಗೋ ಅಂದ್ರು. ಹೆಂಗೆ ಅಂತ ಯಾರೂ ಹೇಳ್ನಿಲ್ವಲ್ಲೇ,” ಅಂದಳು ದೊಡ್ಡಮ್ಮ, ತಪ್ಪೆಲ್ಲ ತನ್ನದೇ ಎಂಬಂತೆ ತಲೆ ತಗ್ಗಿಸಿ.

ನನಗೆ ಮೈಯುರಿಯಿತು. ಯಾರ ಮೇಲೆ? ತುಮಕೂರಿನ ಮರಳೂರು ಬಡಾವಣೆಯ ಮೆಡಿಕಲ್ ಸ್ಟೋರಿನಿಂದ ಪ್ರತಿ ತಿಂಗಳೂ ಆ ಡಬ್ಬಿ ತಂದುಕೊಟ್ಟವಳು ನಾನೇ. ಡಬಲ್ ಡಿಗ್ರಿಯವಳು! ಡಬ್ಬಿ ಮೇಲಿದ್ದುದನ್ನು ಒಮ್ಮೆಯೂ ಓದಲಿಲ್ಲ. ಲೇಬಲ್ಲು ಓದದ ವಿದ್ಯೆಗೆ ಯಾವ ಶಾಲು ಹೊದಿಸೋಣ?

ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ಆದರೂ ಮಿಷಿನ್ ಬೀರುವಿನಿಂದ ಆಚೆ ಬಂದ ಮೇಲೆ ದೊಡ್ಡಮ್ಮ ಡೇರಿಗೆ ಹಾಲು ಹಾಕಲು ತಾನೇ ಹೋಗುತ್ತಾಳೆ. ಮೊನ್ನೆ ಫೋನಿನಲ್ಲಿ ಹೇಳಿದಳು: “ದಾರೀಲಿ ಒಂದೇ ಕಡೆ ನಿಲ್ತೀನಿ ಕಣೇ. ಅದೂ ಮಾತಾಡಕ್ಕೆ!”

ನಿಮ್ಮ ಮನೆಯವರು ಔಷಧಿ ಹೇಗೆ ತೆಗೆದುಕೊಳ್ಳುತ್ತಾರೆ ಎಂದು ನೀವು ಒಮ್ಮೆಯಾದರೂ ಕಣ್ಣಾರೆ ನೋಡಿದ್ದೀರಾ?