ಚೀಟಿ ಕಿತ್ತ ಪತಂಗಗಳು

ಮೊನ್ನೆ ಬಂಟ್ವಾಳದ ಬಟ್ಟೆ ಅಂಗಡಿಯಲ್ಲಿ ಹಳೆಯ ಸ್ಟಾಕಿನ ಸೀರೆಯೊಂದನ್ನು ಬಿಡಿಸಿದರು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರ್ ನೆನಪಾದರು. ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ತಣಿದಿಲ್ಲ...

ಅವರು ಓದಿದ್ದು ಎಂಟನೇ ಕ್ಲಾಸು. ರಜೆಯ ದಿನ ಬೆಳಕು ಹರಿಯುವಾಗಲೇ ಸ್ಕೂಟರ್ ಹತ್ತಿ ಮುಂಡಾಜೆಗೋ ಕೊಕ್ಕಡಕ್ಕೋ ಹೊರಡುತ್ತಿದ್ದರು. ಬಸ್ ತಂಗುದಾಣದ ಟ್ಯೂಬ್‌ಲೈಟಿನ ಕೆಳಗೆ ಗೋಡೆಗೆ ಅಂಟಿ ಕೂತ ಪತಂಗಗಳನ್ನು ಹಕ್ಕಿಗಳಿಗಿಂತ ಮೊದಲು ಹಿಡಿಯುತ್ತಿದ್ದರು. ಸೂಜಿ ಚುಚ್ಚಿ, ನುಸಿಗುಳಿಗೆ ಹಾಕಿ, ಲ್ಯಾಬಿನ ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಪ್ರತಿಯೊಂದರ ಸೂಜಿಗೂ ಉಗುರಿನಷ್ಟು ಚೀಟಿ: ಸಿಕ್ಕಿದ ಊರು, ದಿನ.

"ಬಣ್ಣ ನೋಡಿ ಮರುಳಾಗ್ಬೇಡಿ ಮಾರಾಯ್ರೆ. ಕುಲ ಗೊತ್ತಾಗುವುದು ರೆಕ್ಕೆಯ ನರದಲ್ಲಿ, ಮೀಸೆಯಲ್ಲಿ" ಎಂದು ನಮ್ಮ ಕೈಗೆ ಲೆನ್ಸ್ ಕೊಡುತ್ತಿದ್ದರು. ಗಂಡಿನ ಮೀಸೆ ಬಾಚಣಿಗೆಯ ಹಾಗೆ, ಹೆಣ್ಣಿನದು ಬರೀ ನೂಲು. ಹಳದಿ ಬಣ್ಣದ್ದೂ ಬೂದು ಬಣ್ಣದ್ದೂ ಒಂದೇ ಕುಲವಾಗಿರಬಹುದು. ಕೊಕ್ಕಡದ ಕೆಲವು ಬೂದು ಪತಂಗಗಳ ನರಗಳು ಮಾತ್ರ ಲ್ಯಾಬಿನ ಯಾವ ಪುಸ್ತಕದ ಚಿತ್ರಕ್ಕೂ ಹೊಂದುತ್ತಿರಲಿಲ್ಲ. ಹೊಸ ಕುಲವೇ ಇರಬಹುದೆಂದು ಅವರಿಗೆ ಆಸೆ. ನೋಡಲು ತಜ್ಞರೊಬ್ಬರು ಬರುವವರಿದ್ದರು.

ಅವರಿಗಿಂತ ಮೊದಲು ಬಂದದ್ದು ತಪಾಸಣಾ ಸಮಿತಿ. ಅಟೆಂಡರ್ ತಂಗಿಯ ಮದುವೆಗೆ ಹೋಗಿದ್ದರು. "ಈ ಚೀಟಿ ಎಲ್ಲ ಕೊಳಕು ಕಾಣ್ತದೆ. ತೆಗೆದು, ಬಣ್ಣದ ಪ್ರಕಾರ ಚಂದ ಮಾಡಿ ಇಡಿ" ಎಂದರು ಪ್ರಿನ್ಸಿಪಾಲರು. ಡಿಗ್ರಿ ಮೇಲೆ ಡಿಗ್ರಿ ಇದ್ದ ಮನುಷ್ಯ! ನಾವು ನಾಲ್ವರು ವಿದ್ಯಾರ್ಥಿಗಳು ಕೂತು ಪತಂಗಗಳಲ್ಲಿ ರಂಗೋಲಿ ಬಿಡಿಸಿದೆವು. ಎಲ್ಲ ಗೊತ್ತಿದ್ದೂ ನಾನೂ ಚೀಟಿ ಕಿತ್ತೆ. ಇಂಟರ್ನಲ್ ಮಾರ್ಕಿನ ಆಸೆ, ಇನ್ನೇನು? ಸಮಿತಿಯವರು ಹೊಗಳಿ, ಫೋಟೋ ತೆಗೆದು, ಊಟ ಮಾಡಿ ಹೋದರು.

ಮರಳಿ ಬಂದ ಅಟೆಂಡರ್ ಕೇಳಿದ್ದು ಒಂದೇ: "ಚೀಟಿ ಎಲ್ಲಿ ಉಂಟು?"

ಕಸದ ಜೊತೆ ಸುಟ್ಟಾಗಿತ್ತು. ಎಲ್ಲಿ, ಯಾವಾಗ ಸಿಕ್ಕಿತೆಂಬ ಚೀಟಿ ಇಲ್ಲದ ಪತಂಗ ಶಾಸ್ತ್ರದ ಲೆಕ್ಕಕ್ಕೆ ಬರುವುದಿಲ್ಲ. "ನೆನಪಿನಿಂದ ಹೊಸ ಚೀಟಿ ಬರೆಯುವ" ಎಂದೆ, ನಾಚಿಕೆಗೆಟ್ಟವನು.

"ಅಂದಾಜಿಗೆ ಬರೆದರೆ ಸುಳ್ಳಾಗ್ತದೆ. ಬೇಡ" ಎಂದರು. ತಜ್ಞರಿಗೆ ತಾವೇ ಫೋನ್ ಮಾಡಿ, ಬರುವುದು ಬೇಡ ಎಂದರು. ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು...

ಆಮೇಲೆ ಎಷ್ಟೋ ಸಲ ಕೊಕ್ಕಡಕ್ಕೆ ಹೋದರು. ಆ ಬೂದು ಪತಂಗ ಮತ್ತೆ ಸಿಗಲಿಲ್ಲ. ಅವರು ತೀರಿಕೊಂಡಾಗ ಅದೇ ಪ್ರಿನ್ಸಿಪಾಲರು "ಲ್ಯಾಬನ್ನು ಚಂದ ಇಟ್ಟುಕೊಂಡಿದ್ದರು" ಎಂದು ಭಾಷಣ ಬಿಗಿದರು. ಥೂ!

ಈಗ ಆ ಲ್ಯಾಬಿನಲ್ಲಿ ಪಾಠ ಮಾಡುವವನು ನಾನು. ಪೆಟ್ಟಿಗೆ ಗೋಡೆಯ ಮೇಲೆಯೇ ಇದೆ. ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, "ಸರ್, ಇದನ್ನು ಇಷ್ಟು ಚಂದ ಜೋಡಿಸಿದ್ದು ಯಾರು?"

"ನಾನು" ಎಂದು ಹೇಳಲು ಇವತ್ತಿನವರೆಗೂ ಬಾಯಿ ಬಂದಿಲ್ಲ.